ಊರಿಗೆ ಬೇಡವಾದ ನ್ಯಾಯಾಧೀಶ

ಪ್ರೌಢಶಾಲೆಯ ಪೌರನೀತಿ ಪುಸ್ತಕದಲ್ಲಿ 'ನ್ಯಾಯಾಂಗದ ಸ್ವಾತಂತ್ರ್ಯ' ಎಂಬುದೊಂದು ಪುಟ್ಟ ಪಾಠಭಾಗವಿರುತ್ತಿತ್ತು. ನ್ಯಾಯಾಧೀಶರನ್ನು ಸರ್ಕಾರವು ಮನಬಂದಂತೆ ತೆಗೆದುಹಾಕುವಂತಿಲ್ಲ. ಅಧಿಕಾರದಲ್ಲಿರುವಷ್ಟು ಕಾಲ ಅವರ ವೇತನವನ್ನು ಕಡಿತಗೊಳಿಸುವಂತಿಲ್ಲ. ಕರ್ತವ್ಯಪಾಲನೆಯಲ್ಲಿ ಅವರ ನಡತೆಯನ್ನು ಶಾಸನಸಭೆಯಲ್ಲಿ ಚರ್ಚಿಸುವಂತಿಲ್ಲ. ಹೀಗೆ ಮೂರು ಅಂಶ, ಮೂರು ಅಂಕ. ನನ್ನ ಕೈಯಲ್ಲಿ ಓದಿದ ನಿಮ್ಮಲ್ಲಿ ಅನೇಕರು ಈ ಉತ್ತರವನ್ನು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿದ್ದುದು ನನಗಿನ್ನೂ ನೆನಪಿದೆ.

ಈ ಮೂರು ಅಂಶಗಳ ನಡುವೆ ಒಬ್ಬ ಮನುಷ್ಯ ಕುಳಿತಿರುತ್ತಾನೆ. ಅವನಿಗೊಂದು ಮನೆಯಿರುತ್ತದೆ, ವಯಸ್ಸಾದ ತಾಯಿಯಿರುತ್ತಾಳೆ, ಶಾಲೆಗೆ ಹೋಗುವ ಮಗನಿರುತ್ತಾನೆ, ನೆರೆಹೊರೆಯವರಿರುತ್ತಾರೆ. ಸಂವಿಧಾನವು ಅವನ ಹುದ್ದೆಯನ್ನು ಕಾಪಾಡಬಲ್ಲದು. ನೆರೆಯವರ ಮುಖವನ್ನು ಅವನ ಕಡೆಗೆ ತಿರುಗಿಸಲಾರದು. ಈ ಮಾತನ್ನು ವಿವರಿಸಲು ನನಗೆ ತಿಳಿದ ಅತ್ಯುತ್ತಮ ನಿದರ್ಶನವೆಂದರೆ ಅಮೆರಿಕದ ಅಲಬಾಮ ರಾಜ್ಯದ ಫೆಡರಲ್ ಜಿಲ್ಲಾ ನ್ಯಾಯಾಧೀಶರಾಗಿದ್ದ ಫ್ರಾಂಕ್ ಎಂ. ಜಾನ್ಸನ್ ಅವರ ಬದುಕು. ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಅರಿಯದ ವಿದ್ಯಾವಂತರು ನಮ್ಮಲ್ಲಿ ವಿರಳ. ಕಿಂಗ್ ನಡೆದ ಹಾದಿಯನ್ನು ಕಾನೂನಿನ ಮೂಲಕ ತೆರೆದುಕೊಟ್ಟ ಈ ಮನುಷ್ಯನ ಹೆಸರು ಮಾತ್ರ ಇಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

ಮೊದಲು ಅಲ್ಲಿಯ ವ್ಯವಸ್ಥೆಯ ಬಗ್ಗೆ ಎರಡು ಮಾತು. ನಮ್ಮಲ್ಲಿ ತಾಲ್ಲೂಕು ನ್ಯಾಯಾಲಯದಿಂದ ಸುಪ್ರೀಂ ಕೋರ್ಟಿನವರೆಗೆ ಒಂದೇ ಏಣಿ. ಅಮೆರಿಕದಲ್ಲಿ ಎರಡು ಏಣಿಗಳಿವೆ. ಪ್ರತಿಯೊಂದು ರಾಜ್ಯಕ್ಕೂ ತನ್ನದೇ ಆದ ನ್ಯಾಯಾಲಯಗಳಿವೆ. ಅವುಗಳ ಪಕ್ಕದಲ್ಲೇ ಒಕ್ಕೂಟ ಸರ್ಕಾರದ, ಅಂದರೆ ಫೆಡರಲ್ ನ್ಯಾಯಾಲಯಗಳಿವೆ. ಇಡೀ ದೇಶವನ್ನು 94 ಫೆಡರಲ್ ಜಿಲ್ಲೆಗಳಾಗಿ ವಿಂಗಡಿಸಲಾಗಿದೆ. ಸಾಕ್ಷಿಗಳನ್ನು ಕೇಳುವುದು, ಜ್ಯೂರಿಯನ್ನು ಕೂರಿಸುವುದು, ಮೊದಲ ತೀರ್ಪು ಬರೆಯುವುದು ಈ ಜಿಲ್ಲಾ ನ್ಯಾಯಾಲಯಗಳ ಕೆಲಸ. ಇವುಗಳ ನ್ಯಾಯಾಧೀಶರನ್ನು ರಾಷ್ಟ್ರಾಧ್ಯಕ್ಷರು ನೇಮಿಸುತ್ತಾರೆ, ಸೆನೆಟ್ ಒಪ್ಪಿಗೆ ನೀಡುತ್ತದೆ. ಸನ್ನಡತೆಯಿರುವವರೆಗೆ, ಅಂದರೆ ಜೀವನಪರ್ಯಂತ, ಅವರು ಆ ಪೀಠದಲ್ಲಿರಬಹುದು. ಅಲಬಾಮದ ರಾಜ್ಯ ನ್ಯಾಯಾಧೀಶರಾದರೋ ನಮ್ಮ ಶಾಸಕರಂತೆ ಚುನಾವಣೆಗೆ ನಿಂತು ಮತ ಕೇಳಿ ಬರುವವರು. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯ ತಿರುಳು ಇದರಲ್ಲಿಯೇ ಇದೆ.

ಜಾನ್ಸನ್ ಹುಟ್ಟಿದ್ದು 1918ರ ಅಕ್ಟೋಬರ್ 30ರಂದು, ಉತ್ತರ ಅಲಬಾಮದ ಗುಡ್ಡಗಾಡಿನ ವಿನ್‌ಸ್ಟನ್ ಕೌಂಟಿಯಲ್ಲಿ. ಏಳು ಮಕ್ಕಳಲ್ಲಿ ಹಿರಿಯರು. ಅವರ ತಾಯಿಯ ಹೆಸರೂ ಅಲಬಾಮ ಎಂದೇ! ವಿನ್‌ಸ್ಟನ್ ಕೌಂಟಿಗೆ ಒಂದು ವಿಚಿತ್ರ ಇತಿಹಾಸವಿದೆ. 1861ರಲ್ಲಿ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಸಿಡಿದುಹೋದಾಗ ಈ ಕೌಂಟಿಯ ಬಡ ರೈತರು ಅದಕ್ಕೆ ಒಪ್ಪಲಿಲ್ಲ. ಅವರ ಗುಡ್ಡಗಳಲ್ಲಿ ದೊಡ್ಡ ಹತ್ತಿ ತೋಟಗಳಿರಲಿಲ್ಲ, ಗುಲಾಮರೂ ಹೆಚ್ಚಾಗಿರಲಿಲ್ಲ. ರಾಜ್ಯವು ದೇಶದಿಂದ ಬೇರೆಯಾಗಬಹುದಾದರೆ ಕೌಂಟಿಯು ರಾಜ್ಯದಿಂದ ಬೇರೆಯಾಗಬಾರದೇಕೆ ಎಂದು ಅವರು ಕೇಳಿದರೆಂಬುದು ಅಲ್ಲಿಯ ಐತಿಹ್ಯ. 'ವಿನ್‌ಸ್ಟನ್ ಸ್ವತಂತ್ರ ರಾಜ್ಯ' ಎಂಬ ಅಡ್ಡಹೆಸರು ಇಂದಿಗೂ ಉಳಿದಿದೆ. ಡೆಮಾಕ್ರಟಿಕ್ ಪಕ್ಷದ ಭದ್ರಕೋಟೆಯಾಗಿದ್ದ ಅಂದಿನ ಅಲಬಾಮದಲ್ಲಿ ಜಾನ್ಸನ್ ಅವರ ತಂದೆ ರಿಪಬ್ಲಿಕನ್. ರಾಜ್ಯ ಶಾಸನಸಭೆಯಲ್ಲಿ ಆ ಪಕ್ಷದ ಏಕೈಕ ಸದಸ್ಯರಾಗಿ ಕುಳಿತಿದ್ದವರು. ಬಹುಮತದ ನಡುವೆ ಒಬ್ಬನೇ ಕೂರುವ ಅಭ್ಯಾಸ ಮನೆಯಲ್ಲಿಯೇ ಇತ್ತೆನ್ನಬಹುದು.

ಅಲಬಾಮ ವಿಶ್ವವಿದ್ಯಾಲಯದಲ್ಲಿ ಅವರು ಕಾನೂನು ಓದಿ 1943ರಲ್ಲಿ ಪದವಿ ಪಡೆದರು. ಅದೇ ಕಾಲಕ್ಕೆ ಅಲ್ಲಿ ಓದುತ್ತಿದ್ದ, ಸ್ನೇಹದಿಂದಿದ್ದ ಇನ್ನೊಬ್ಬ ತರುಣನ ಹೆಸರು ಜಾರ್ಜ್ ವಾಲೆಸ್. ಇಬ್ಬರೂ ಬಡತನ ಕಂಡವರು, ಇಬ್ಬರೂ ಚುರುಕು. ಮುಂದೆ ಕಾಲು ಶತಮಾನದ ಅಲಬಾಮ ಇತಿಹಾಸವೆಂದರೆ ಈ ಇಬ್ಬರು ಗೆಳೆಯರ ನಡುವಿನ ವ್ಯಾಜ್ಯವೇ ಆಗಬಹುದೆಂದು ಆಗ ಯಾರು ಊಹಿಸಿದ್ದರು? ಜಾನ್ಸನ್ ಎರಡನೆಯ ಮಹಾಯುದ್ಧದಲ್ಲಿ ಪದಾತಿದಳದ ಅಧಿಕಾರಿಯಾಗಿ ಫ್ರಾನ್ಸಿನ ರಣರಂಗಕ್ಕೆ ಹೋದರು, ಗಾಯಗೊಂಡರು, ಶೌರ್ಯಪದಕ ಪಡೆದರು. ಮರಳಿ ಬಂದು ಜಾಸ್ಪರ್ ಎಂಬ ಊರಿನಲ್ಲಿ ವಕೀಲಿ ಹಿಡಿದರು.

1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರನ್ನು ಉತ್ತರ ಅಲಬಾಮದ ಫೆಡರಲ್ ಸರ್ಕಾರಿ ವಕೀಲರನ್ನಾಗಿ ನೇಮಿಸಿದರು. ಆ ಹುದ್ದೆಯಲ್ಲಿ ಅವರು ನಡೆಸಿದ ಒಂದು ಮೊಕದ್ದಮೆಯನ್ನು ಹೇಳಲೇಬೇಕು. ಕಪ್ಪು ಕೂಲಿಗಳನ್ನು ಸಾಲದ ನೆಪದಲ್ಲಿ ಜಮೀನಿನಲ್ಲಿ ಕಟ್ಟಿಹಾಕಿಕೊಂಡು ದುಡಿಸುತ್ತಿದ್ದ ಬಿಳಿಯ ಜಮೀನುದಾರರ ಮೇಲೆ ಅವರು ದೋಷಾರೋಪ ಹೊರಿಸಿದರು. ಇಂಗ್ಲಿಷಿನಲ್ಲಿ ಅದಕ್ಕೆ ಏನೇ ಹೆಸರಿರಲಿ, ನಮ್ಮ ಭಾಷೆಯಲ್ಲಿ ಅದು ಜೀತ. ಬಿಳಿಯರೇ ತುಂಬಿದ್ದ ಜ್ಯೂರಿಯಿಂದ ಅವರು ಶಿಕ್ಷಾರ್ಹ ತೀರ್ಪನ್ನು ಪಡೆದರು. ಜೀತ ಪದ್ಧತಿಯನ್ನು ನಮ್ಮ ದೇಶ ಕಾನೂನಿನಿಂದ ನಿರ್ಮೂಲನ ಮಾಡಿದ್ದು 1976ರಲ್ಲಿ ಎಂಬುದನ್ನು ಜ್ಞಾಪಿಸಿಕೊಂಡರೆ, ಈ ಮೊಕದ್ದಮೆ ನಮಗೆ ಅಷ್ಟು ದೂರದ್ದೆನಿಸುವುದಿಲ್ಲ.

1955ರ ಅಕ್ಟೋಬರಿನಲ್ಲಿ, ಮೂವತ್ತೇಳರ ಹೊಸ್ತಿಲಿನಲ್ಲಿದ್ದ ಅವರನ್ನು ಐಸೆನ್‌ಹೋವರ್ ಮಧ್ಯ ಅಲಬಾಮದ ಫೆಡರಲ್ ಜಿಲ್ಲಾ ನ್ಯಾಯಾಧೀಶರನ್ನಾಗಿ ಮಾಡಿದರು. ಪೀಠವಿದ್ದುದು ರಾಜಧಾನಿ ಮಾಂಟ್‌ಗೊಮರಿಯಲ್ಲಿ. 1861ರಲ್ಲಿ ಸಿಡಿದುಹೋದ ದಕ್ಷಿಣ ಒಕ್ಕೂಟದ ಮೊದಲ ರಾಜಧಾನಿಯೂ ಅದೇ ಊರು. ಜಾನ್ಸನ್ ನೇಮಕವಾಗಿ ಆರು ವಾರ ಕಳೆಯುವುದರೊಳಗೆ, ಡಿಸೆಂಬರ್ 1ರಂದು, ರೋಸಾ ಪಾರ್ಕ್ಸ್ ಎಂಬ ಹೊಲಿಗೆ ಕೆಲಸದ ಹೆಣ್ಣುಮಗಳು ಅದೇ ಊರಿನ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡಲು ನಿರಾಕರಿಸಿ ಬಂಧಿತಳಾದಳು. ಕಪ್ಪು ಜನ ಬಸ್ಸುಗಳನ್ನು ಬಹಿಷ್ಕರಿಸಿ ನಡೆಯತೊಡಗಿದರು. ಇಪ್ಪತ್ತಾರು ವರ್ಷದ ಪಾದ್ರಿ ಕಿಂಗ್ ಅವರ ನಾಯಕರಾದರು. ಇಷ್ಟನ್ನು ನಮ್ಮ ಪಾಠಪುಸ್ತಕಗಳೂ ಹೇಳುತ್ತವೆ. ಬಸ್ಸಿನ ಕಾನೂನು ಬಿದ್ದದ್ದು ಹೇಗೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

1956ರ ಫೆಬ್ರುವರಿಯಲ್ಲಿ ನಾಲ್ವರು ಕಪ್ಪು ಹೆಂಗಸರು ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಅವರಲ್ಲೊಬ್ಬಳಾದ ಕ್ಲಾಡೆಟ್ ಕಾಲ್ವಿನ್, ರೋಸಾ ಪಾರ್ಕ್ಸ್ ಅವರಿಗಿಂತ ಒಂಬತ್ತು ತಿಂಗಳು ಮೊದಲೇ, ಹದಿನೈದರ ಶಾಲಾಬಾಲಕಿಯಾಗಿದ್ದಾಗಲೇ ಬಸ್ಸಿನಲ್ಲಿ ಬಂಧನಕ್ಕೊಳಗಾಗಿದ್ದವಳು. ರಾಜ್ಯದ ಕಾನೂನಿನ ಸಿಂಧುತ್ವವನ್ನು ಪ್ರಶ್ನಿಸುವ ಇಂಥ ದಾವೆಗಳನ್ನು ಆ ಕಾಲದಲ್ಲಿ ಮೂವರು ನ್ಯಾಯಾಧೀಶರ ಪೀಠ ಕೇಳಬೇಕಿತ್ತು. ವಿಚಾರಣೆ ಮುಗಿದು ಮೂವರೂ ಒಳಕೋಣೆಗೆ ಹೋದಾಗ ಹಿರಿಯರಾದ ರಿಚರ್ಡ್ ರೈವ್ಸ್, ಪದ್ಧತಿಯಂತೆ, ಎಲ್ಲರಿಗಿಂತ ಕಿರಿಯರಾದ ಜಾನ್ಸನ್ ಅವರನ್ನು ಮೊದಲು ಅಭಿಪ್ರಾಯ ಕೇಳಿದರು. ಬಸ್ಸುಗಳಲ್ಲಿ ಬಣ್ಣದ ಮೇಲೆ ಜನರನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಜಾನ್ಸನ್ ನೇರವಾಗಿ ಹೇಳಿದರು. ರೈವ್ಸ್ ಜೊತೆಗೂಡಿದರು, ಮೂರನೆಯವರು ಭಿನ್ನಮತ ಬರೆದರು. ಜೂನ್ 5ರಂದು ತೀರ್ಪು ಹೊರಬಿತ್ತು. ನವೆಂಬರ್ 13ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 381 ದಿನಗಳ ಬಹಿಷ್ಕಾರ ಡಿಸೆಂಬರಿನಲ್ಲಿ ಕೊನೆಗೊಂಡಿತು.

ಅದರ ಬೆನ್ನಿಗೇ ಜಾನ್ಸನ್ ಅವರ ಮನೆಯ ಮುಂದಿನ ಹುಲ್ಲುಹಾಸಿನಲ್ಲಿ ಶಿಲುಬೆಯೊಂದು ಉರಿಯಿತು. ಅದು ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಗುಪ್ತಸಂಘ ಬೆದರಿಕೆ ಹಾಕುವ ರೀತಿ. ರೈವ್ಸ್ ಅವರ ಮಗ ಹಿಂದೆಯೇ ಅಪಘಾತದಲ್ಲಿ ತೀರಿಹೋಗಿದ್ದ; ಅವನ ಸಮಾಧಿಯನ್ನೂ ಬಿಡದೆ ಅಪವಿತ್ರಗೊಳಿಸಿದರು. ಊರಿನ ದೊಡ್ಡ ಮನೆಗಳ ಬಾಗಿಲುಗಳು ಜಾನ್ಸನ್ ದಂಪತಿಗಳಿಗೆ ಮುಚ್ಚಿದವು. ಬೈಗುಳದ ಪತ್ರಗಳು, ಅವೇಳೆಯ ದೂರವಾಣಿ ಕರೆಗಳು ನಿತ್ಯದ ಮಾತಾದವು. ಮುಂದೆ ವರ್ಷಗಟ್ಟಲೆ ಅವರ ಮನೆಗೆ ಫೆಡರಲ್ ಮಾರ್ಷಲರ ಕಾವಲಿತ್ತು.

ಇಲ್ಲಿ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳುವುದು ಅಪ್ರಸ್ತುತವಾಗಲಾರದು. ನಮ್ಮ ಬಂಧುವರ್ಗದ ಹಿರಿಯರಿಗೆಲ್ಲ ನನ್ನ ದೊಡ್ಡಮಾವನ ನೆನಪಿರುತ್ತದೆ. ಮಲೆನಾಡಿನ ತಾಲ್ಲೂಕು ಕೇಂದ್ರಗಳಲ್ಲಿ ಮುನ್ಸೀಫರಾಗಿದ್ದವರು. ಅವರನ್ನು ಕುರಿತು ನಮ್ಮಲ್ಲಿ ಉಳಿದಿರುವ ಮಾತು ಒಂದೇ: 'ಮಹಾ ಬಿಗುಮಾನದ ಮನುಷ್ಯ.' ಅವರಿದ್ದ ಊರಿನಲ್ಲಿಯೇ ನಮ್ಮವರ ಮನೆಯ ಮದುವೆ ನಡೆದಾಗ ಅವರು ಚಪ್ಪರದ ಕಡೆಗೂ ತಲೆಹಾಕಲಿಲ್ಲ ಎಂಬುದು ಆ ಮಾತಿಗೆ ಆಧಾರ. ನಾನಾಗ ಕಾಲೇಜು ಓದುತ್ತಿದ್ದೆ. ರಜೆಯಲ್ಲಿ ಅವರ ಮನೆಗೆ ಹೋದಾಗ ಸಲಿಗೆಯಿಂದ ಕೇಳಿದೆ.

"ಮಾವ, ಅಷ್ಟು ಹತ್ತಿರದ ಮದುವೆಗೆ ಯಾಕೆ ಬರಲಿಲ್ಲ ನೀವು?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹೆಣ್ಣಿನ ಕಡೆಯವರ ಪಾಲಿನ ದಾವೆ ನನ್ನ ಮುಂದಿದೆ ಕಣಪ್ಪ. ಪಂಕ್ತಿಯಲ್ಲಿ ಕೂತು ಅವರ ಕೈಯಿಂದ ಹೋಳಿಗೆ ಬಡಿಸಿಕೊಂಡು, ನಾಳೆ ಅವರ ವಿರುದ್ಧ ತೀರ್ಪು ಬರೆದರೆ ನನಗೆ ಕಷ್ಟ. ಅವರ ಪರವಾಗಿ ಬರೆದರೆ ಕೋರ್ಟಿಗೇ ಕಷ್ಟ."

ಅಷ್ಟು ಹೇಳಿ ಅವರು ಬೇರೆ ಮಾತಿಗೆ ಹೊರಳಿದರು. ಒಳಗಿನಿಂದ ಅತ್ತೆಯವರು ಮಾತ್ರ, "ಮದುವೆ ಮುಂಜಿ ಇಲ್ಲದ ಊರುಗಳಲ್ಲೇ ಆಯುಸ್ಸು ಕಳೆದುಹೋಯಿತು" ಎಂದರು. ಆ ಮನೆಯಲ್ಲಿ ಸಂಜೆಯ ಹೊತ್ತು ಯಾರೂ ಬರುತ್ತಿರಲಿಲ್ಲ. ಮಾವನವರು ಅಂಗಳದಲ್ಲಿ ಒಬ್ಬರೇ ಅಡ್ಡಾಡುತ್ತಿದ್ದರು. ಜಾನ್ಸನ್ ಅವರು ಬಡಗಿಯ ಕೆಲಸ ಮಾಡಿಕೊಂಡು, ಮೀನು ಹಿಡಿಯುತ್ತಾ ವಿರಾಮ ಕಳೆಯುತ್ತಿದ್ದರೆಂದು ಓದಿದಾಗ ನನಗೆ ಆ ಅಂಗಳ ನೆನಪಾಯಿತು. ಮಾವನವರದು ತಾವೇ ಬರಮಾಡಿಕೊಂಡ ಏಕಾಂತ. ಜಾನ್ಸನ್ ಅವರಿಗೆ ಅದರ ಜೊತೆಗೆ ಊರು ವಿಧಿಸಿದ ಬಹಿಷ್ಕಾರವೂ ಇತ್ತು. ನಮ್ಮವರು ಬಿಗುಮಾನವೆಂದು ಕರೆದದ್ದು ಏನೆಂಬುದನ್ನು ಬಂಧುಗಳು ಇನ್ನಾದರೂ ಮರುಚಿಂತನೆ ಮಾಡಲಿ ಎಂಬ ಆಸೆಯೂ ಈ ಲೇಖನದ ಹಿಂದಿದೆ.

ಮತ್ತೆ ಅಲಬಾಮಕ್ಕೆ ಬರೋಣ. ಜಾನ್ಸನ್ ಅವರನ್ನು ಕ್ರಾಂತಿಕಾರಿಯೆಂದು ಭಾವಿಸಿದರೆ ತಪ್ಪಾಗುತ್ತದೆ. 1957ರಲ್ಲಿ ಟಸ್ಕೀಗಿ ಪಟ್ಟಣದ ಎಲ್ಲೆಯನ್ನು ರಾಜ್ಯ ಶಾಸನಸಭೆ ಬದಲಾಯಿಸಿತು. ಚೌಕಾಕಾರವಾಗಿದ್ದ ಊರು ಇಪ್ಪತ್ತೆಂಟು ಮೂಲೆಗಳ ವಿಚಿತ್ರ ಆಕೃತಿಯಾಯಿತು. ಸುಮಾರು 400 ಕಪ್ಪು ಮತದಾರರಲ್ಲಿ ನಾಲ್ಕೈದು ಮಂದಿಯ ಹೊರತು ಉಳಿದವರೆಲ್ಲ ಊರ ಹೊರಗಾದರು. ಇದನ್ನು ಪ್ರಶ್ನಿಸಿದ ದಾವೆಯನ್ನು ಜಾನ್ಸನ್ 1958ರಲ್ಲಿ ವಜಾ ಮಾಡಿದರು. ಪಟ್ಟಣದ ಎಲ್ಲೆ ಗುರುತಿಸುವ ರಾಜ್ಯದ ಅಧಿಕಾರದಲ್ಲಿ ಕೈಹಾಕಲು ಹಿಂದಿನ ತೀರ್ಪುಗಳು ತಮಗೆ ಅವಕಾಶ ಕೊಡುವುದಿಲ್ಲವೆಂದು ಅವರು ತಿಳಿದರು. 1960ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಅವರ ತೀರ್ಪನ್ನು ತಳ್ಳಿಹಾಕಿತು. ಪ್ರಕರಣ ಮರಳಿ ಅವರ ಬಳಿಗೇ ಬಂದಾಗ ಆ ಕಾನೂನನ್ನು ಅವರೇ ರದ್ದುಗೊಳಿಸಿದರು. ತನ್ನ ಒಲವಿಗಿಂತ ಕಾನೂನನ್ನು ಮೇಲಿಟ್ಟ ಮನುಷ್ಯನ ಕಥೆ ಇದೆಂಬುದಕ್ಕೆ ಇದೂ ಒಂದು ಸಾಕ್ಷಿ.

ಇನ್ನು ವಾಲೆಸ್ ಅವರ ವಿಷಯ. 1950ರ ದಶಕದಲ್ಲಿ ಅವರೂ ನ್ಯಾಯಾಧೀಶರೇ ಆಗಿದ್ದರು. ಚುನಾವಣೆಯಲ್ಲಿ ಗೆದ್ದು ಬಂದ ರಾಜ್ಯ ನ್ಯಾಯಾಧೀಶರು. 1958ರಲ್ಲಿ ಗವರ್ನರ್ ಹುದ್ದೆಗೆ ಸ್ಪರ್ಧಿಸಿದಾಗ ಅವರು ತುಲನಾತ್ಮಕವಾಗಿ ಸೌಮ್ಯವಾದಿ. ಕ್ಲಾನಿನ ಬೆಂಬಲವಿದ್ದ ಎದುರಾಳಿಯ ಮುಂದೆ ಸೋತರು. ಬಣ್ಣದ ಪ್ರಶ್ನೆಯಲ್ಲಿ ಇನ್ನೆಂದೂ ಯಾರಿಗಿಂತಲೂ ಮೆತ್ತಗಾಗಬಾರದೆಂಬುದೇ ಅವರು ಆ ಸೋಲಿನಿಂದ ಕಲಿತ ಪಾಠ. ಆ ಹೊತ್ತಿಗೆ ಕಪ್ಪು ಜನರ ಮತದಾನದ ಹಕ್ಕಿನ ತನಿಖೆಗೆ ಬಂದ ಫೆಡರಲ್ ಆಯೋಗಕ್ಕೆ ಮತದಾರರ ದಾಖಲೆಗಳನ್ನು ಕೊಡುವುದಿಲ್ಲವೆಂದು ವಾಲೆಸ್ ಹಟ ಹಿಡಿದರು. ಕೊಡಬೇಕೆಂದು ಜಾನ್ಸನ್ ಆಜ್ಞೆ ಮಾಡಿದರು. ಒಂದು ರಾತ್ರಿ ವಾಲೆಸ್ ತಮ್ಮ ಮನೆಗೆ ಬಂದು, ಸಣ್ಣದೊಂದು ಜೈಲುಶಿಕ್ಷೆ ಕೊಟ್ಟರೆ ರಾಜಕೀಯವಾಗಿ ಅನುಕೂಲವಾಗುತ್ತದೆಂದು ಕೇಳಿಕೊಂಡರೆಂದೂ, ತಾವು ಒಪ್ಪಲಿಲ್ಲವೆಂದೂ ಜಾನ್ಸನ್ ಮುಂದೆ ಹೇಳಿದ್ದಾರೆ. ಕೊನೆಗೆ ವಾಲೆಸ್ ಬಹಿರಂಗದಲ್ಲಿ ಗುಡುಗುತ್ತಲೇ ದಾಖಲೆಗಳನ್ನು ಬಳಸುದಾರಿಯಿಂದ ಆಯೋಗದ ಕೈಗೆ ತಲುಪಿಸಿದರು. 1959ರ ಜನವರಿಯಲ್ಲಿ ಜಾನ್ಸನ್ ಈ ನಾಟಕವನ್ನು ತೀರ್ಪಿನಲ್ಲಿಯೇ ಬಯಲು ಮಾಡಿ, ಆಜ್ಞೆ ಪಾಲನೆಯಾಗಿದೆ, ನ್ಯಾಯಾಂಗ ನಿಂದನೆಯಾಗಿಲ್ಲ ಎಂದು ಅವರನ್ನು ಬಿಡುಗಡೆ ಮಾಡಿದರು. ಹುತಾತ್ಮನಾಗುವ ಅವಕಾಶವನ್ನು ಕಸಿದುಕೊಂಡ ಬಿಡುಗಡೆ ಅದು. ವಾಲೆಸ್ ಅದನ್ನು ಕ್ಷಮಿಸಲಿಲ್ಲ. 1962ರ ಚುನಾವಣಾ ಪ್ರಚಾರದಲ್ಲಿ ಹಳೆಯ ಗೆಳೆಯನನ್ನು ಸುಳ್ಳುಗಾರನೆಂದು ಊರೂರಿನಲ್ಲಿ ಬೈದರು, ಗೆದ್ದರು, ವರ್ಣಭೇದವನ್ನು ಎಂದೆಂದಿಗೂ ಕಾಪಾಡುವುದಾಗಿ 1963ರ ಪ್ರಮಾಣವಚನದ ದಿನ ಘೋಷಿಸಿದರು.

ಒಂದೇ ವಿದ್ಯಾಲಯ, ಒಂದೇ ರಾಜ್ಯ, ಒಂದೇ ಕಾಲ. ಒಬ್ಬರು ಜನರ ಮತದಿಂದ ನ್ಯಾಯಪೀಠಕ್ಕೆ ಬಂದವರು, ಇನ್ನೊಬ್ಬರು ಜನರ ಮತದ ಹಂಗಿಲ್ಲದೆ ಬಂದವರು. ಪೌರನೀತಿಯ ಆ ಮೂರು ಅಂಕದ ಉತ್ತರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆದರೆ ವ್ಯವಸ್ಥೆಯೊಂದರಿಂದಲೇ ಎಲ್ಲವೂ ಆಗುವುದಿಲ್ಲ. ಜಾನ್ಸನ್ ಅವರಂತೆಯೇ ಜೀವನಪರ್ಯಂತದ ಭದ್ರತೆಯಿದ್ದ ದಕ್ಷಿಣದ ಎಷ್ಟೋ ಫೆಡರಲ್ ನ್ಯಾಯಾಧೀಶರು ಅದೇ ವರ್ಷಗಳಲ್ಲಿ ದಾವೆಗಳನ್ನು ಮುಂದೂಡುತ್ತಾ ಕಾಲ ತಳ್ಳಿದರು. ಸ್ವಾತಂತ್ರ್ಯವನ್ನು ಸಂವಿಧಾನ ಕೊಟ್ಟಿತು. ಬಳಸುವ ಎದೆಗಾರಿಕೆಯನ್ನು ಅವರವರೇ ತರಬೇಕಾಗಿತ್ತು.

ಮತದಾನದ ದಾವೆಗಳಲ್ಲಿ ಜಾನ್ಸನ್ ಹಿಡಿದ ತರ್ಕ ಸರಳವಾಗಿತ್ತು. ಬಿಳಿಯ ಅರ್ಜಿದಾರನ ತಪ್ಪುಗಳನ್ನು ನೋಡಿಯೂ ನೋಡದಂತೆ ನೋಂದಾಯಿಸಿಕೊಂಡು, ಕಪ್ಪು ಅರ್ಜಿದಾರ ಪ್ರಾಧ್ಯಾಪಕನಾಗಿದ್ದರೂ ಸಣ್ಣ ತಪ್ಪಿಗೆ ತಿರಸ್ಕರಿಸುವುದು ಅಲ್ಲಿಯ ರೂಢಿ. ಅತ್ಯಂತ ಕಡಿಮೆ ಅರ್ಹತೆಯ ಬಿಳಿಯನಿಗೆ ಅನ್ವಯಿಸಿದ ಅಳತೆಗೋಲನ್ನೇ ಕಪ್ಪು ಮನುಷ್ಯನಿಗೂ ಅನ್ವಯಿಸಬೇಕೆಂದು 1961ರಲ್ಲಿ ಅವರು ಆಜ್ಞಾಪಿಸಿದರು. ಉತ್ತರಪತ್ರಿಕೆ ತಿದ್ದಿ ಬದುಕಿದ ನಮ್ಮಂಥವರಿಗೆ ಈ ತತ್ತ್ವ ಬೇಗ ಮನಸ್ಸಿಗೆ ನಾಟುತ್ತದೆ: ಒಂದೇ ಪ್ರಶ್ನೆಪತ್ರಿಕೆಗೆ ಎರಡು ಬಗೆಯ ಮೌಲ್ಯಮಾಪನ ಸಲ್ಲದು.

1961ರ ಮೇ ತಿಂಗಳಿನಲ್ಲಿ 'ಸ್ವಾತಂತ್ರ್ಯ ಯಾತ್ರಿಕರು' ಎಂದು ಹೆಸರಾದ ತರುಣ ತರುಣಿಯರು ಮಾಂಟ್‌ಗೊಮರಿಯ ಬಸ್ ನಿಲ್ದಾಣದಲ್ಲಿ ಗುಂಪುಹಲ್ಲೆಗೆ ಗುರಿಯಾದರು. ಪೊಲೀಸರು ಕಾಣಿಸಿಕೊಳ್ಳಲೇ ಇಲ್ಲ. ಆ ನಿಲ್ದಾಣವಿದ್ದುದು ಫೆಡರಲ್ ನ್ಯಾಯಾಲಯದ ಪಕ್ಕದಲ್ಲಿಯೇ. ಜಾನ್ಸನ್ ಕ್ಲಾನಿಗೂ ಪೊಲೀಸ್ ಅಧಿಕಾರಿಗಳಿಗೂ ಪ್ರತಿಬಂಧಕಾಜ್ಞೆ ನೀಡಿದರು. ಜೊತೆಗೆ ಯಾತ್ರಿಕರಿಗೂ ಕೆಲಕಾಲ ತಡೆ ವಿಧಿಸಿದರು. ಇದರಿಂದ ಚಳವಳಿಯವರಿಗೂ ಅವರ ಮೇಲೆ ಅಸಮಾಧಾನವಿತ್ತು.

ಅವರ ಹೆಸರು ಇತಿಹಾಸದಲ್ಲಿ ಸ್ಥಿರವಾಗಿ ನಿಂತದ್ದು ಸೆಲ್ಮಾ ಪಾದಯಾತ್ರೆಯಿಂದ. 1965ರ ಮಾರ್ಚ್ 7ರ ಭಾನುವಾರ ಮತದಾನದ ಹಕ್ಕಿಗಾಗಿ ಸೆಲ್ಮಾದಿಂದ ರಾಜಧಾನಿಗೆ ಹೊರಟ ಸುಮಾರು 600 ಜನರನ್ನು ಎಡ್ಮಂಡ್ ಪೆಟಸ್ ಸೇತುವೆಯ ಆಚೆ ರಾಜ್ಯದ ಪೊಲೀಸರು ಲಾಠಿ, ಅಶ್ರುವಾಯುಗಳಿಂದ ಜರ್ಜರಿತಗೊಳಿಸಿದರು. ಎರಡು ದಿನದ ಬಳಿಕ ಮತ್ತೆ ಹೊರಡಲು ಕಿಂಗ್ ಸಿದ್ಧರಾದಾಗ, ವಿಚಾರಣೆ ಮುಗಿಯುವವರೆಗೆ ನಡೆಯಬಾರದೆಂದು ಜಾನ್ಸನ್ ತಡೆಯಾಜ್ಞೆ ಕೊಟ್ಟರು. ಕಿಂಗ್ ಸೇತುವೆಯವರೆಗೆ ಹೋಗಿ, ಪ್ರಾರ್ಥಿಸಿ, ಹಿಂದಿರುಗಿದರು. ನ್ಯಾಯಾಲಯದಲ್ಲಿ ಹಲವು ದಿನ ಸಾಕ್ಷ್ಯ ನಡೆಯಿತು. ಭಾನುವಾರದ ಹಲ್ಲೆಯ ಚಲನಚಿತ್ರವನ್ನು ಅಲ್ಲಿಯೇ ತೋರಿಸಲಾಯಿತು. ಮಾರ್ಚ್ 17ರಂದು ತೀರ್ಪು ಬಂತು.

ಹೆದ್ದಾರಿಯಿರುವುದು ವಾಹನ ಸಂಚಾರಕ್ಕೆ. ಸಾವಿರಾರು ಜನ ಐದು ದಿನ ಅದರ ಮೇಲೆ ನಡೆದರೆ ಇತರರಿಗೆ ಅಡಚಣೆಯಾಗುವುದು ನಿಜ. ಈ ಎರಡು ಹಕ್ಕುಗಳನ್ನು ತೂಗುವುದು ಹೇಗೆ? ಪ್ರತಿಭಟನೆಯ ಹಕ್ಕಿನ ವ್ಯಾಪ್ತಿಯು ಪ್ರತಿಭಟಿಸಲಾಗುತ್ತಿರುವ ಅನ್ಯಾಯದ ಅಗಾಧತೆಗೆ ತಕ್ಕಂತಿರಬೇಕು ಎಂಬುದು ಜಾನ್ಸನ್ ಕಂಡುಕೊಂಡ ಉತ್ತರ. ಇಲ್ಲಿ ಅನ್ಯಾಯ ಅಪಾರವಾದುದು. ಆದ್ದರಿಂದ ಹಕ್ಕೂ ಅಷ್ಟೇ ವಿಶಾಲವಾದುದು. ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ದಾರಿ ಎರಡೇ ಪಥವಿರುವಲ್ಲಿ 300 ಜನರಿಗಿಂತ ಹೆಚ್ಚು ನಡೆಯಕೂಡದು ಎಂಬಂಥ ವಿವರಗಳನ್ನೂ ಆಜ್ಞೆಯಲ್ಲಿ ಸೇರಿಸಿದರು. ಮಾರ್ಚ್ 21ರಂದು ಹೊರಟ ಯಾತ್ರೆ ಸೈನಿಕರ ರಕ್ಷಣೆಯಲ್ಲಿ 54 ಮೈಲಿ ಕ್ರಮಿಸಿ 25ರಂದು ಮಾಂಟ್‌ಗೊಮರಿ ತಲುಪಿದಾಗ ಅದರಲ್ಲಿ ಸುಮಾರು 25,000 ಜನರಿದ್ದರು. ಅದೇ ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾಯಿದೆ ಜಾರಿಗೆ ಬಂತು.

ಇತಿಹಾಸದ ಪಾಠ ಮಾಡಿದ ನನಗೆ ಇಲ್ಲಿ ದಂಡಿ ನೆನಪಾಗದಿರದು. 1930ರಲ್ಲಿ ಗಾಂಧೀಜಿ ಸುಮಾರು 240 ಮೈಲಿ ನಡೆದದ್ದು ಕಾನೂನನ್ನು ಮುರಿಯುವುದಕ್ಕಾಗಿ. ಅವರ ಪಾಲಿಗೆ ಸೆರೆಮನೆಯೇ ನ್ಯಾಯಾಲಯದ ಉತ್ತರವಾಗಿತ್ತು. 1959ರಲ್ಲಿ ಭಾರತಕ್ಕೆ ಬಂದು ಗಾಂಧಿಯ ದಾರಿಯನ್ನು ಹತ್ತಿರದಿಂದ ಕಂಡುಹೋದ ಕಿಂಗ್, ಆರು ವರ್ಷಗಳ ನಂತರ ನ್ಯಾಯಾಲಯದ ಆಜ್ಞೆಯನ್ನು ಕೈಯಲ್ಲಿ ಹಿಡಿದೇ ನಡೆದರು. ಪರಕೀಯ ಪ್ರಭುತ್ವಕ್ಕೂ, ತನ್ನದೇ ಸಂವಿಧಾನಕ್ಕೆ ಮಣಿಯಬೇಕಾದ ಪ್ರಭುತ್ವಕ್ಕೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ.

ಯಾತ್ರೆ ಮುಗಿದ ರಾತ್ರಿಯೇ, ಯಾತ್ರಿಕರನ್ನು ಕಾರಿನಲ್ಲಿ ಬಿಟ್ಟುಬರುತ್ತಿದ್ದ ವಯೋಲಾ ಲಿಯುಝೋ ಎಂಬ ಬಿಳಿಯ ಗೃಹಿಣಿಯನ್ನು ಕ್ಲಾನಿನವರು ಗುಂಡಿಟ್ಟು ಕೊಂದರು. ರಾಜ್ಯ ನ್ಯಾಯಾಲಯದ ಜ್ಯೂರಿ ಆರೋಪಿಯನ್ನು ಬಿಟ್ಟುಬಿಟ್ಟಿತು. ಅದೇ ಡಿಸೆಂಬರಿನಲ್ಲಿ, ಪೌರಹಕ್ಕುಗಳ ಉಲ್ಲಂಘನೆಯ ಆರೋಪದ ಮೇಲೆ ಮೂವರ ಫೆಡರಲ್ ವಿಚಾರಣೆ ಜಾನ್ಸನ್ ಅವರ ಮುಂದೆ ನಡೆಯಿತು. ಇಲ್ಲಿಯೂ ಜ್ಯೂರಿಯಲ್ಲಿದ್ದವರೆಲ್ಲ ಬಿಳಿಯರು. ಒಮ್ಮತಕ್ಕೆ ಬರಲಾಗುತ್ತಿಲ್ಲವೆಂದು ಅವರು ಹೇಳಿದಾಗ ಜಾನ್ಸನ್ ಅವರನ್ನು ಮತ್ತೆ ಒಳಗೆ ಕಳುಹಿಸಿದರು. ಮೂವರೂ ತಪ್ಪಿತಸ್ಥರೆಂದು ತೀರ್ಮಾನವಾಯಿತು; ಜಾನ್ಸನ್ ಹತ್ತು ವರ್ಷಗಳ ಗರಿಷ್ಠ ಶಿಕ್ಷೆ ವಿಧಿಸಿದರು.

1967ರ ಮಾರ್ಚಿನಲ್ಲಿ ಅವರಿದ್ದ ತ್ರಿಸದಸ್ಯ ಪೀಠವು ಅಲಬಾಮದ ಸುಮಾರು ನೂರು ಶಾಲಾಜಿಲ್ಲೆಗಳಲ್ಲಿ ವರ್ಣಭೇದವನ್ನು ಕೊನೆಗಾಣಿಸಲು ಒಂದೇ ಆಜ್ಞೆಯಲ್ಲಿ ಆದೇಶಿಸಿತು. ಮರುತಿಂಗಳೇ, ಏಪ್ರಿಲ್ 25ರ ರಾತ್ರಿ, ಅವರ ವಿಧವೆ ತಾಯಿಯ ಮನೆಯ ಮೇಲೆ ಬಾಂಬು ಬಿತ್ತು. ಮಗನ ಮನೆಯೆಂದು ತಿಳಿದು ಎಸೆದಿರಬಹುದೆಂದು ಹೇಳುತ್ತಾರೆ. ಪುಣ್ಯವಶಾತ್ ತಾಯಿಗೆ ಗಾಯವಾಗಲಿಲ್ಲ. ಜಾನ್ಸನ್ ಎಂದಿನಂತೆ ನ್ಯಾಯಾಲಯದ ಕೆಲಸ ಮುಂದುವರಿಸಿದರು.

ಅವರ ಕೆಲಸದಲ್ಲಿ ನನ್ನನ್ನು ಹೆಚ್ಚು ಕಲಕಿದ ಭಾಗ ಇದಲ್ಲ. 1970ರಲ್ಲಿ ಆರಂಭವಾದ ಮಾನಸಿಕ ಆಸ್ಪತ್ರೆಯ ಪ್ರಕರಣ. ಟಸ್ಕಲೂಸದ ಬ್ರೈಸ್ ಆಸ್ಪತ್ರೆಯಲ್ಲಿ ಹಣದ ಅಭಾವದಿಂದ ನೌಕರರನ್ನು ತೆಗೆದುಹಾಕಿದಾಗ ಹೂಡಿದ ದಾವೆಯದು. ರಿಕಿ ವಯಟ್ ಎಂಬ ಹದಿಹರೆಯದ ಹುಡುಗನ ಹೆಸರಿನಲ್ಲಿ ಅದು ಪ್ರಸಿದ್ಧವಾಗಿದೆ. ಐದು ಸಾವಿರ ರೋಗಿಗಳಿದ್ದ ಅಲ್ಲಿ ಚಿಕಿತ್ಸೆಯೆಂಬುದು ಹೆಸರಿಗೆ ಮಾತ್ರವಿತ್ತು. ಚಿಕಿತ್ಸೆಗೆಂದು ಒಬ್ಬನನ್ನು ಬಲವಂತವಾಗಿ ಕೂಡಿಹಾಕಿದ ಮೇಲೆ ಚಿಕಿತ್ಸೆ ಪಡೆಯುವುದು ಅವನ ಸಾಂವಿಧಾನಿಕ ಹಕ್ಕು ಎಂದು ಜಾನ್ಸನ್ 1971ರಲ್ಲಿ ತೀರ್ಪಿತ್ತರು. ಸರ್ಕಾರ ತಾನಾಗಿ ಸುಧಾರಿಸಲಿಲ್ಲ. 1972ರಲ್ಲಿ ಕನಿಷ್ಠ ಮಟ್ಟಗಳ ಪಟ್ಟಿಯನ್ನೇ ಕೊಟ್ಟರು: ಒಂದು ಕೋಣೆಯಲ್ಲಿ ಆರಕ್ಕಿಂತ ಹೆಚ್ಚು ರೋಗಿಗಳಿರಬಾರದು, ಎಂಟು ಜನರಿಗೊಂದು ಶೌಚಾಲಯವಿರಬೇಕು, ಬಿಸಿನೀರು ಇಷ್ಟು ಬಿಸಿಯಿರಬೇಕು, ಇಷ್ಟು ರೋಗಿಗಳಿಗೆ ಇಷ್ಟು ವೈದ್ಯರಿರಬೇಕು. ಮತವಿಲ್ಲದ, ಮೆರವಣಿಗೆ ಹೊರಡಲಾರದ, ಬಂಧುಗಳೂ ಮರೆತ ಜನರಿಗಾಗಿ ಒಬ್ಬ ನ್ಯಾಯಾಧೀಶ ಶೌಚಾಲಯಗಳನ್ನು ಎಣಿಸಿದ. ಆ ಪ್ರಕರಣ 33 ವರ್ಷ ನಡೆದು, 2003ರಲ್ಲಿ, ಅವರ ಮರಣಾನಂತರ ಮುಗಿಯಿತು.

1976ರ ಜನವರಿಯಲ್ಲಿ ರಾಜ್ಯದ ಸೆರೆಮನೆಗಳ ಬಗ್ಗೆಯೂ ಅಂಥದೇ ಆಜ್ಞೆ ಹೊರಟಿತು. ಕೈದಿಯೊಬ್ಬನಿಗೆ ಕೋಣೆಯಲ್ಲಿ 60 ಚದರ ಅಡಿ ಸ್ಥಳವಿರಬೇಕೆಂಬುದು ಅದರಲ್ಲೊಂದು. ನ್ಯಾಯಾಧೀಶರು ರಾಜ್ಯಭಾರ ಮಾಡಹೊರಟಿದ್ದಾರೆಂದು ವಾಲೆಸ್ ಕಿಡಿಕಾರಿದರು. ಈ ಟೀಕೆಯನ್ನು ಹಗೆಯ ಮಾತೆಂದು ತಳ್ಳಿಬಿಡುವಂತಿಲ್ಲ; ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳ ಎಲ್ಲೆ ಎಲ್ಲಿದೆಯೆಂಬ ಪ್ರಶ್ನೆ ನಮ್ಮಲ್ಲಿಯೂ ಇದೆ. 1979ರಲ್ಲಿ ಬಿಹಾರದ ವಿಚಾರಣಾಧೀನ ಕೈದಿಗಳ ಪ್ರಕರಣದಿಂದ ನಮ್ಮ ಸುಪ್ರೀಂ ಕೋರ್ಟು ಸಾರ್ವಜನಿಕ ಹಿತಾಸಕ್ತಿಯ ಬಾಗಿಲು ತೆರೆದಾಗಲೂ ಇದೇ ಚರ್ಚೆಯಾಯಿತು. ಕಾರ್ಯಾಂಗ ತನ್ನ ಕರ್ತವ್ಯವನ್ನು ಮಾಡಿದಲ್ಲಿ ನ್ಯಾಯಾಧೀಶ ಶೌಚಾಲಯ ಎಣಿಸಬೇಕಾಗಿಲ್ಲ ಎಂಬುದಷ್ಟೇ ನನ್ನ ತಿಳಿವಳಿಕೆ.

ಈ ಸೆರೆಮನೆ ತೀರ್ಪಿಗೆ ಕೆಲವೇ ತಿಂಗಳು ಹಿಂದೆ, 1975ರಲ್ಲಿ, ಜಾನ್ಸನ್ ದಂಪತಿಗಳ ಏಕೈಕ ಮಗ, ಹಸುಗೂಸಾಗಿದ್ದಾಗ ದತ್ತು ತಂದು ಸಾಕಿದವನು, ತನ್ನ ಜೀವವನ್ನು ತಾನೇ ಕೊನೆಗೊಳಿಸಿಕೊಂಡನು. ಕಾರಣಗಳನ್ನು ಊಹಿಸುವ ಹಕ್ಕು ನಮಗಿಲ್ಲ. ಕಾವಲಿನ ಮನೆಯಲ್ಲಿ, ಊರೆಲ್ಲ ದ್ವೇಷಿಸುವ ತಂದೆಯ ಮಗನಾಗಿ ಆ ಬಾಲಕ ಬೆಳೆದನೆಂಬುದಷ್ಟು ನಿಜ. ತರಗತಿಯಲ್ಲಿ ಅಧಿಕಾರಿಗಳ ಮಕ್ಕಳನ್ನೂ, ಊರಿನ ಕಣ್ಣಿಗೆ ಬಿದ್ದವರ ಮಕ್ಕಳನ್ನೂ ಕಂಡ ನನಗೆ, ಹಿರಿಯರ ಹೊರೆಯಲ್ಲಿ ಒಂದು ಪಾಲು ಸದ್ದಿಲ್ಲದೆ ಕಿರಿಯರ ಹೆಗಲಿಗೂ ಬೀಳುತ್ತದೆಂಬುದು ಗೊತ್ತು. ಈ ಭಾಗವನ್ನು ಬರೆಯದೆ ಬಿಟ್ಟು ಜಾನ್ಸನ್ ಅವರನ್ನು ಹೊಗಳುವುದು ಸುಲಭವಿತ್ತು. ಆದರೆ ಧೈರ್ಯದ ಬೆಲೆಯನ್ನು ಮುಚ್ಚಿಟ್ಟು ಧೈರ್ಯವನ್ನು ಮಕ್ಕಳಿಗೆ ಬೋಧಿಸುವುದು ನನಗೆ ಸರಿಕಾಣದು.

1977ರಲ್ಲಿ ಅಧ್ಯಕ್ಷ ಕಾರ್ಟರ್ ಅವರನ್ನು ಎಫ್.ಬಿ.ಐ. ನಿರ್ದೇಶಕರನ್ನಾಗಿ ಆರಿಸಿದರು, ಹೃದಯದಿಂದ ಹೊರಡುವ ಮಹಾಧಮನಿಯ ತೊಂದರೆ ಪತ್ತೆಯಾಗಿ ಶಸ್ತ್ರಚಿಕಿತ್ಸೆಯಾದ್ದರಿಂದ ಅವರು ಹಿಂದೆ ಸರಿದರು. 1979ರಲ್ಲಿ ಮೇಲ್ಮನವಿ ನ್ಯಾಯಾಲಯಕ್ಕೆ ಬಡ್ತಿ ಹೊಂದಿದರು. ಒಂದು ಕಾಲಕ್ಕೆ ಅವರನ್ನು ಬಹಿಷ್ಕರಿಸಿದ ಮಾಂಟ್‌ಗೊಮರಿಯ ಫೆಡರಲ್ ನ್ಯಾಯಾಲಯದ ಕಟ್ಟಡಕ್ಕೆ 1992ರಲ್ಲಿ ಅವರದೇ ಹೆಸರಿಟ್ಟರು. 1995ರಲ್ಲಿ ದೇಶದ ಅತ್ಯುಚ್ಚ ನಾಗರಿಕ ಗೌರವವಾದ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ ದೊರೆಯಿತು. 1972ರಲ್ಲಿ ಹಂತಕನ ಗುಂಡಿಗೆ ಸಿಕ್ಕಿ ಗಾಲಿಕುರ್ಚಿ ಹಿಡಿದ ವಾಲೆಸ್, ಕೊನೆಗಾಲದಲ್ಲಿ ತಮ್ಮ ಹಳೆಯ ನಿಲುವಿಗಾಗಿ ಕಪ್ಪು ಜನರ ಕ್ಷಮೆ ಕೇಳಿ, 1998ರಲ್ಲಿ ತೀರಿಕೊಂಡರು. ಮರುವರ್ಷ ಜುಲೈ 23ರಂದು ಜಾನ್ಸನ್ ನಿಧನರಾದರು. ಅವರ ದೇಹವನ್ನು ಮಣ್ಣುಮಾಡಿದ್ದು ಹುಟ್ಟೂರಾದ ವಿನ್‌ಸ್ಟನ್ ಕೌಂಟಿಯಲ್ಲಿ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ವಕೀಲರಾಗಿದ್ದೀರಿ, ಒಬ್ಬಿಬ್ಬರು ನ್ಯಾಯಾಧೀಶರೂ ಆಗಿದ್ದೀರಿ. ನಿಮ್ಮ ಮದುವೆಯ ಕರೆಯೋಲೆಗಳಿಗೆ, ಗೃಹಪ್ರವೇಶಗಳಿಗೆ ನಾನು ಬಂದಿದ್ದೇನೆ. ನನ್ನ ಮನೆಯ ಸಮಾರಂಭಕ್ಕೆ ನೀವು ಬರಲಾಗದಿದ್ದರೆ ಕಾರಣ ಕೇಳುವುದಿಲ್ಲ. ಅಮೆರಿಕದಲ್ಲಿ ನೆಲೆಸಿರುವವರಿಗೆ ಮಾತ್ರ ಒಂದು ಕೋರಿಕೆ: ಅಟ್ಲಾಂಟಾದಿಂದ ಮಾಂಟ್‌ಗೊಮರಿಗೆ ಸುಮಾರು 160 ಮೈಲಿ, ಎರಡೂವರೆ ಗಂಟೆಯ ಹಾದಿ. ಹಳೆಯ ಬಸ್ ನಿಲ್ದಾಣವನ್ನು ಸ್ವಾತಂತ್ರ್ಯ ಯಾತ್ರಿಕರ ಸ್ಮಾರಕ ವಸ್ತುಸಂಗ್ರಹಾಲಯವಾಗಿ ಉಳಿಸಿಕೊಂಡಿದ್ದಾರೆ. ಪಕ್ಕದಲ್ಲಿಯೇ ಜಾನ್ಸನ್ ಅವರ ನ್ಯಾಯಾಲಯ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ. ಹೋಗಿಬಂದವರು ನನಗೊಂದು ಪತ್ರ ಬರೆಯಿರಿ. ಮಕ್ಕಳು ಏನು ಕೇಳಿದರೆಂಬುದನ್ನು ಅದರಲ್ಲಿ ತಪ್ಪದೆ ತಿಳಿಸಿ.